ಕಾಳಿನ ಸಿಪ್ಪೆ ಓದುವುದು ಹೇಗೆ? ದುಂಬಿಯ ಮೊಟ್ಟೆ, ಬಟಾಣಿ ಹೂವಿನ ಬಣ್ಣ: ಎರಡು ಪ್ರಯೋಗಗಳ ಸಮಗ್ರ ಮಾರ್ಗದರ್ಶಿ

ಕಾಳಿನ ಡಬ್ಬಿ ತೆಗೆದಾಗ ಒಳಗೆ ಪುಟ್ಟ ಕಂದು ಹುಳಗಳು ಓಡಾಡುತ್ತಿದ್ದರೆ ನಾವೆಲ್ಲ ಮಾಡುವ ಮೊದಲ ಕೆಲಸ ಅದನ್ನು ಹೊರಗೆ ಸುರಿಯುವುದು. ಮುಂದಿನ ಸಲ ಸುರಿಯುವ ಮೊದಲು ಒಂದು ಹಿಡಿ ಉಳಿಸಿಕೊಳ್ಳಿ. ಒಂದು ಕಾಳನ್ನು ಕಿಟಕಿ ಹತ್ತಿರ ಹಿಡಿದು ಲೆನ್ಸ್‌ನಲ್ಲಿ ನೋಡಿ. ಸಿಪ್ಪೆಯ ಮೇಲೆ ಬಿಳಿ ಚುಕ್ಕೆ ಅಂಟಿಕೊಂಡಿರುತ್ತದೆ. ಅದು ಮೊಟ್ಟೆ. ಇನ್ನೂ ಹತ್ತು ಕಾಳು ನೋಡಿ. ಹೆಚ್ಚಿನವುಗಳ ಮೇಲೆ ಒಂದೊಂದೇ ಚುಕ್ಕೆ ಇದ್ದರೆ ಆಶ್ಚರ್ಯ ಬೇಡ. ತಾಯಿ ದುಂಬಿ ಹಾಗೆ ಹಂಚಿ ಇಟ್ಟಿದೆ.

ಇಲ್ಲಿ ಎರಡು ಪ್ರಯೋಗಗಳನ್ನು ಹೇಳುತ್ತೇನೆ. ಒಂದು, ಕಾಳು ದುಂಬಿ ಎಲ್ಲಿ ಮೊಟ್ಟೆ ಇಡುತ್ತದೆ, ಎಲ್ಲಿ ಇಡುವುದಿಲ್ಲ ಅಂತ ಎಣಿಸಿ ನೋಡುವುದು. ಎರಡು, ನೇರಳೆ ಹೂವಿನ ಬಟಾಣಿಗೂ ಬಿಳಿ ಹೂವಿನ ಬಟಾಣಿಗೂ ತಳಿ ಸಂಕರ ಮಾಡಿ ಬಣ್ಣ ಹೇಗೆ ಇಳಿದು ಬರುತ್ತದೆ ಅಂತ ನೋಡುವುದು. ಎರಡನ್ನೂ ಒಟ್ಟಿಗೆ ಮಾಡಿ ಅನ್ನುವುದಕ್ಕೆ ಕಾರಣ ಕಾಳಿನ ಸಿಪ್ಪೆ. ಸಿಪ್ಪೆ ತಾಯಿ ಗಿಡದ ಅಂಗ. ಒಳಗಿನ ಬೇಳೆ ಮತ್ತು ಮೊಳಕೆ ಮುಂದಿನ ತಲೆಮಾರಿನ ಮರಿಗಿಡ. ಈ ಒಂದು ವಿಷಯ ಮನಸ್ಸಿನಲ್ಲಿ ಕೂತರೆ ಹೂವಿನ ಬಣ್ಣದ ಲೆಕ್ಕ ತಪ್ಪುವುದಿಲ್ಲ. ದುಂಬಿಯ ಕಷ್ಟವೂ ಅರ್ಥವಾಗುತ್ತದೆ. ಪಾಪ, ಅದು ಮುಟ್ಟಿ ನೋಡುವುದು ತಾಯಿ ಗಿಡ ಹೊದಿಸಿದ ಸಿಪ್ಪೆಯನ್ನು, ಅದರ ಮರಿ ತಿನ್ನಬೇಕಾಗಿರುವುದು ಒಳಗಿನ ಬೇಳೆಯನ್ನು.

ಮೊದಲು ಬಟಾಣಿ ಬಿತ್ತಿ, ಆಮೇಲೆ ದುಂಬಿ ಕೆಲಸ ಶುರು ಮಾಡಿ. ಬಟಾಣಿಗೆ ಮೂರು ಬೆಳೆಯ ಕಾಲ ಬೇಕು, ದುಂಬಿಗೆ ಒಂದು ತಿಂಗಳು ಸಾಕು. ಗಿಡ ಹೂ ಬಿಡುವವರೆಗೆ ಕಾಯುವ ಹೊತ್ತಿನಲ್ಲಿ ಮೊಟ್ಟೆ ಎಣಿಸಿ ಮುಗಿಸಬಹುದು. ಬರೆಯುವಾಗ ಮಾತ್ರ ನಾನು ದುಂಬಿಯಿಂದ ಶುರು ಮಾಡುತ್ತೇನೆ.

ದುಂಬಿ ಯಾವುದು ಅಂತ ಗುರುತಿಸಿ

ಅಲಸಂದೆ, ಹೆಸರುಕಾಳು, ಕಡಲೆ, ತೊಗರಿಯಲ್ಲಿ ಸಾಮಾನ್ಯವಾಗಿ ಸಿಗುವುದು ಎರಡು ಜಾತಿ. ಕ್ಯಾಲೊಸೊಬ್ರೂಕಸ್ ಮ್ಯಾಕ್ಯುಲೇಟಸ್ ಮತ್ತು ಕ್ಯಾಲೊಸೊಬ್ರೂಕಸ್ ಚೈನೆನ್ಸಿಸ್. ಇಂಗ್ಲಿಷಿನಲ್ಲಿ ಇವನ್ನು ವೀವಿಲ್ ಅಂತ ಕರೆದರೂ ಇವು ನಿಜವಾದ ಮೂತಿ ಹುಳಗಳಲ್ಲ. ಅಕ್ಕಿಯ ಹುಳಕ್ಕೆ ಆನೆ ಸೊಂಡಿಲಿನ ಹಾಗೆ ಉದ್ದ ಮೂತಿ ಇರುತ್ತದೆ, ಇವುಗಳಿಗೆ ಇರುವುದಿಲ್ಲ. ಇವು ಎಲೆ ತಿನ್ನುವ ದುಂಬಿಗಳ ಕುಟುಂಬಕ್ಕೆ ಸೇರಿದವು.

ಚೈನೆನ್ಸಿಸ್‌ನ ಗಂಡನ್ನು ಗುರುತಿಸುವುದು ಬಹಳ ಸುಲಭ, ಅದರ ಮೀಸೆ ಬಾಚಣಿಗೆಯ ಹಲ್ಲಿನ ಹಾಗೆ ಕವಲೊಡೆದಿರುತ್ತದೆ. ಹೆಣ್ಣಿನ ಮೀಸೆ ಗರಗಸದ ಹಾಗೆ ಸಣ್ಣ ಹಲ್ಲಿನದು. ಮ್ಯಾಕ್ಯುಲೇಟಸ್‌ನಲ್ಲಿ ಮೀಸೆ ನೋಡಿದರೆ ಗೊತ್ತಾಗುವುದು ಕಷ್ಟ, ಹಿಂಭಾಗ ನೋಡಬೇಕು. ರೆಕ್ಕೆಯ ಕೆಳಗೆ ಹೊಟ್ಟೆಯ ತುದಿಯಲ್ಲಿ ಒಂದು ಪುಟ್ಟ ಫಲಕ ಕಾಣುತ್ತದೆ. ಹೆಣ್ಣಿನಲ್ಲಿ ಅದು ದೊಡ್ಡದು, ಎರಡೂ ಬದಿಗೆ ಕಪ್ಪು ಪಟ್ಟೆ ಇರುತ್ತದೆ. ಗಂಡಿನಲ್ಲಿ ಚಿಕ್ಕದು, ಆ ಪಟ್ಟೆ ಇಲ್ಲ. ಹತ್ತಿಪ್ಪತ್ತು ಹುಳ ನೋಡುವಷ್ಟರಲ್ಲಿ ಕಣ್ಣಿಗೆ ರೂಢಿಯಾಗುತ್ತದೆ.

ಒಂದು ಮಾತು ನೆನಪಿರಲಿ. ಹೊಲದಲ್ಲಿ ಬೆಳೆದ ಬಟಾಣಿಯಿಂದ ಹೊರಬರುವ ದುಂಬಿ ಬೇರೆಯದೇ ಇರಬಹುದು. ಬ್ರೂಕಸ್ ಪೈಸೋರಮ್ ಅನ್ನುವ ಬಟಾಣಿ ದುಂಬಿ ಗಿಡದಲ್ಲಿರುವ ಹಸಿ ಕಾಯಿಯ ಮೇಲೆ ಮೊಟ್ಟೆ ಇಡುತ್ತದೆ, ಮರಿ ಕಾಯಿಯ ಗೋಡೆ ಕೊರೆದು ಕಾಳಿಗೆ ಹೋಗುತ್ತದೆ. ಒಣ ಕಾಳಿನಲ್ಲಿ ಅದು ಸಂತತಿ ಮುಂದುವರಿಸುವುದಿಲ್ಲ. ಹಾಗಾಗಿ ಡಬ್ಬಿಯಲ್ಲಿಟ್ಟು ಎಷ್ಟು ಕಾದರೂ ಮೊಟ್ಟೆ ಸಿಗುವುದಿಲ್ಲ. ನಮ್ಮ ಕೆಲಸಕ್ಕೆ ಒಣ ಕಾಳಿನಲ್ಲೇ ತಲೆಮಾರು ಕಳೆಯುವ ದುಂಬಿ ಬೇಕು.

ಕಾಳು ಶುದ್ಧ ಮಾಡಿಕೊಳ್ಳಿ

ಹೊರಗಿನಿಂದ ಚೆನ್ನಾಗಿ ಕಾಣುವ ಕಾಳಿನೊಳಗೂ ಮರಿ ಇರಬಹುದು. ಪ್ರಯೋಗಕ್ಕೆ ಬೇಕಾದ ಅಲಸಂದೆ ಅಥವಾ ಹೆಸರುಕಾಳನ್ನು ಗಾಳಿಯಾಡದ ಚೀಲದಲ್ಲಿ ಕಟ್ಟಿ ಫ್ರೀಜರ್‌ನಲ್ಲಿ, ಅಂದರೆ ಸುಮಾರು ಮೈನಸ್ 18 ಡಿಗ್ರಿಯಲ್ಲಿ, ಒಂದು ವಾರ ಇಡಿ. ಹೊರತೆಗೆದ ತಕ್ಷಣ ಚೀಲ ಬಿಚ್ಚಬೇಡಿ. ಕೋಣೆಯ ಬಿಸಿಗೆ ಬರುವವರೆಗೆ ಬಿಡಿ, ಇಲ್ಲದಿದ್ದರೆ ಕಾಳಿನ ಮೇಲೆ ನೀರಿನ ಪಸೆ ಕೂತು ಬೂಷ್ಟು ಬರುತ್ತದೆ.

ಬಿತ್ತನೆಗೆ ಅಂತ ಮಾರುವ ಕಾಳು ಬೇಡ. ಅದಕ್ಕೆ ಗುಲಾಬಿ, ಹಸಿರು, ನೀಲಿ ಬಣ್ಣದ ಔಷಧಿ ಹಚ್ಚಿರುತ್ತಾರೆ. ತೊಳೆದರೂ ಪೂರ್ತಿ ಹೋಗುತ್ತದೆ ಅಂತ ನಂಬುವ ಹಾಗಿಲ್ಲ. ದುಂಬಿ ಸತ್ತರೆ ಪ್ರಯೋಗ ಹೋಯಿತು ಅಷ್ಟೇ, ಆದರೆ ಆ ಕಾಳನ್ನು ಬರಿಗೈಯಲ್ಲಿ ಒಂದೊಂದಾಗಿ ಎತ್ತಿ ಎಣಿಸುವುದು ನಿಮಗೂ ಒಳ್ಳೆಯದಲ್ಲ.

ಹುಳ ಹೊಡೆದ ಕಾಳಿನ ಪುಡಿ ಕೆಲವರಿಗೆ ಸೀನು, ಕೆಮ್ಮು ತರಿಸುತ್ತದೆ. ಡಬ್ಬಿ ಬದಲಿಸುವಾಗ ಮಾಸ್ಕ್ ಹಾಕಿಕೊಳ್ಳಿ.

ಮೊದಲ ಎಣಿಕೆ: ದುಂಬಿ ಸುಮ್ನೆ ಇಡುತ್ತಿದೆಯೋ, ಹಂಚಿ ಇಡುತ್ತಿದೆಯೋ?

ಈ ಪ್ರಯೋಗ ನನಗೆ ಬಹಳ ಇಷ್ಟ, ಯಾಕೆಂದರೆ ಖರ್ಚಿಲ್ಲದೆ ನಿಜವಾದ ಉತ್ತರ ಸಿಗುತ್ತದೆ.

ಹೆಚ್ಚು ಕಡಿಮೆ ಒಂದೇ ಗಾತ್ರದ 50 ಅಲಸಂದೆ ಕಾಳು ಆರಿಸಿ. ಗಾತ್ರದಲ್ಲಿ ರಾಜಿ ಬೇಡ, ದೊಡ್ಡ ಕಾಳು ಸಿಕ್ಕರೆ ದುಂಬಿ ಅದಕ್ಕೇ ಹೋಗುತ್ತದೆ. ಅಗಲವಾದ ಮುಚ್ಚಳದ ಗಾಜಿನ ಪಾತ್ರೆಯಲ್ಲಿ ಕಾಳನ್ನು ಒಂದೇ ಪದರವಾಗಿ ಹರಡಿ. ಎರಡು ಹೆಣ್ಣು, ಎರಡು ಗಂಡು ದುಂಬಿ ಬಿಡಿ. ತೆಳು ಬಟ್ಟೆಯಿಂದ ಬಾಯಿ ಕಟ್ಟಿ. ಸುಮಾರು 30 ಡಿಗ್ರಿ ಬಿಸಿ ಇರುವ, ನೇರ ಬಿಸಿಲು ಬೀಳದ ಕಡೆ ಇಡಿ. ದುಂಬಿಗೆ ಊಟ, ನೀರು ಕೊಡಬೇಕಾಗಿಲ್ಲ. ಬೆಳೆದ ದುಂಬಿ ಏನೂ ತಿನ್ನದೆ ಒಂದೆರಡು ವಾರ ಬದುಕುತ್ತದೆ, ಮರಿಯಾಗಿದ್ದಾಗ ತಿಂದು ಕೂಡಿಟ್ಟದ್ದೇ ಅದರ ಬುತ್ತಿ.

ಮೊದಲ ದಿನ ಅರ್ಧ ಗಂಟೆ ಕೂತು ನೋಡಿ. ಹೆಣ್ಣು ಕಾಳಿನ ಮೇಲೆ ಹತ್ತಿ ಸುತ್ತು ಹಾಕುತ್ತದೆ, ಮೀಸೆಯಿಂದಲೂ ಬಾಯಿಯ ಎಳೆಗಳಿಂದಲೂ ಸಿಪ್ಪೆ ತಟ್ಟಿ ತಟ್ಟಿ ನೋಡುತ್ತದೆ, ಕೆಲವು ಸಲ ಪೂರ್ತಿ ನೋಡಿ ಮುಗಿಸಿ ಏನೂ ಇಡದೆ ಇಳಿದು ಹೋಗುತ್ತದೆ. ಇಡಬೇಕು ಅನಿಸಿದರೆ ನಿಂತು ಹೊಟ್ಟೆಯ ತುದಿ ಒತ್ತುತ್ತದೆ. ಆಮೇಲೆ ಅಲ್ಲಿ ಒಂದು ಹೊಳೆಯುವ ಹನಿ ಉಳಿದಿರುತ್ತದೆ. ಸುಮಾರು ಅರ್ಧ ಮಿಲಿಮೀಟರ್‌ಗಿಂತ ತುಸು ಉದ್ದ, ಮೊಟ್ಟೆಯಾಕಾರ, ಗಾಜಿನ ಹಾಗೆ ಪಾರದರ್ಶಕ. ಅದು ಸಿಪ್ಪೆಗೆ ಎಷ್ಟು ಗಟ್ಟಿ ಅಂಟಿರುತ್ತದೆ ಎಂದರೆ ಉಗುರಿನಲ್ಲಿ ಕೆರೆದರೆ ಒಡೆಯುತ್ತದೆಯೇ ಹೊರತು ಜಾರುವುದಿಲ್ಲ.

ದಿನಕ್ಕೊಂದು ಸಲ ಅಂದಾಜು ಮಾಡಿ. ಒಟ್ಟು ಮೊಟ್ಟೆ 50ರ ಹತ್ತಿರ ಬಂದಾಗ ದುಂಬಿಗಳನ್ನು ಹೊರತೆಗೆಯಿರಿ. ಬಿಟ್ಟರೆ ಒಂದು ಹೆಣ್ಣೇ ಜೀವಮಾನದಲ್ಲಿ ನೂರರ ಹತ್ತಿರ ಮೊಟ್ಟೆ ಇಡಬಲ್ಲದು. ಆಗ ಎಲ್ಲಾ ಕಾಳೂ ತುಂಬಿ ಅದಕ್ಕೆ ಆರಿಸಲು ಏನೂ ಉಳಿಯುವುದಿಲ್ಲ.

ಈಗ ಎಣಿಸಿ. ಎಷ್ಟು ಕಾಳಿನ ಮೇಲೆ ಸೊನ್ನೆ, ಎಷ್ಟರ ಮೇಲೆ 1, ಎಷ್ಟರ ಮೇಲೆ 2, ಹೀಗೆ ಬರೆದುಕೊಳ್ಳಿ.

ಇದಕ್ಕೆ ಹೋಲಿಕೆ ಬೇಕಲ್ವಾ? 1ರಿಂದ 50ರವರೆಗೆ ಬರೆದ ಚೀಟಿಗಳನ್ನು ಡಬ್ಬಿಗೆ ಹಾಕಿ, ಒಂದು ಎತ್ತಿ, ಸಂಖ್ಯೆ ಬರೆದುಕೊಂಡು, ಮತ್ತೆ ಒಳಗೆ ಹಾಕಿ ಕಲಸಿ. ಹೀಗೆ 50 ಸಲ. ಏನೂ ಯೋಚಿಸದೆ ಇಡುವ ದುಂಬಿ ಹೀಗೆಯೇ ಇಡುತ್ತಿತ್ತು. ಲೆಕ್ಕದ ಪ್ರಕಾರ ಸುಮಾರು 18 ಸಂಖ್ಯೆಗಳು ಒಂದು ಸಲವೂ ಬರುವುದಿಲ್ಲ, ಸುಮಾರು 18 ಒಂದು ಸಲ ಬರುತ್ತವೆ, 9 ಎರಡು ಸಲ, 3 ಮೂರು ಸಲ, ಒಂದು ನಾಲ್ಕು ಸಲವೋ ಇನ್ನೂ ಜಾಸ್ತಿಯೋ. ನಿಮ್ಮ ಪಾತ್ರೆಯಲ್ಲಿ ಖಾಲಿ ಕಾಳು 18ಕ್ಕಿಂತ ಬಹಳ ಕಡಿಮೆ ಇದ್ದು, ಒಂದೇ ಮೊಟ್ಟೆಯ ಕಾಳು ಬಹಳ ಜಾಸ್ತಿ ಇದ್ದರೆ ದುಂಬಿ ಹಂಚಿ ಇಟ್ಟಿದೆ.

ಒಂದೇ ಅಂಕಿಯಲ್ಲಿ ಹೇಳಬೇಕಾದರೆ ವಿಚಲನೆಯ ವರ್ಗದ ಸರಾಸರಿಯನ್ನು ಮೊಟ್ಟೆಗಳ ಸರಾಸರಿಯಿಂದ ಭಾಗಿಸಿ. ಗಾಬರಿ ಬೇಡ, ಒಂದು ಊಹೆಯ ಉದಾಹರಣೆ ನೋಡಿ. 5 ಕಾಳು ಖಾಲಿ, 40ರ ಮೇಲೆ ಒಂದೊಂದು, 5ರ ಮೇಲೆ ಎರಡೆರಡು. ಒಟ್ಟು 50 ಮೊಟ್ಟೆ, ಸರಾಸರಿ 1. ಸರಾಸರಿಗಿಂತ ಒಂದು ಆಚೀಚೆ ಇರುವ ಕಾಳು 10. ಒಂದರ ವರ್ಗ ಒಂದೇ, ಹಾಗಾಗಿ ಮೊತ್ತವೂ 10. ಆ 10ನ್ನು 49ರಿಂದ, ಅಂದರೆ ಕಾಳುಗಳ ಸಂಖ್ಯೆಗಿಂತ ಒಂದು ಕಡಿಮೆಯಿಂದ, ಭಾಗಿಸಿದರೆ ಸುಮಾರು 0.2. ಅದನ್ನು 1ರಿಂದ ಭಾಗಿಸಿದರೂ 0.2. ಈ ಅಂಕಿ 1ರ ಹತ್ತಿರ ಇದ್ದರೆ ಚೀಟಿ ಎತ್ತಿದ ಹಾಗೆ. 1ಕ್ಕಿಂತ ಬಹಳ ಕಡಿಮೆ ಇದ್ದರೆ ಸಮನಾಗಿ ಹಂಚಿದ ಹಾಗೆ. 1ಕ್ಕಿಂತ ಜಾಸ್ತಿ ಬಂದರೆ ಗುಂಪು ಗುಂಪಾಗಿ ಇಟ್ಟಿದೆ ಅಂತ. ಹಾಗೆ ಬಂದರೆ ಮೊದಲು ಅನುಮಾನಿಸಬೇಕಾಗಿರುವುದು ಕಾಳಿನ ಗಾತ್ರವನ್ನು, ದುಂಬಿಯನ್ನಲ್ಲ.

ಯಾಕೆ ಹಂಚುತ್ತದೆ? ಮೊಟ್ಟೆಯಿಂದ ಹೊರಟ ಮರಿ ಕೆಳಗಿನ ಸಿಪ್ಪೆ ಕೊರೆದು ನೇರ ಒಳಗೆ ಹೋಗುತ್ತದೆ. ಅಲ್ಲಿಂದ ಇನ್ನೊಂದು ಕಾಳಿಗೆ ಹೋಗುವ ದಾರಿಯೇ ಇಲ್ಲ. ತಾಯಿ ಆರಿಸಿದ ಕಾಳೇ ಅದರ ಇಡೀ ಬಾಲ್ಯ. ಒಂದೇ ಹೆಸರುಕಾಳಿಗೆ ಮೂರು ಮರಿ ಇಳಿದರೆ ಊಟ ಸಾಲುವುದಿಲ್ಲ. ಕೆಲವು ತಳಿಗಳಲ್ಲಿ ಒಂದು ಮಾತ್ರ ಉಳಿದು ಹೊರಬರುತ್ತದೆ. ಇನ್ನು ಕೆಲವು ತಳಿಗಳಲ್ಲಿ ಮರಿಗಳು ಹಂಚಿಕೊಂಡು ತಿಂದು ಎಲ್ಲವೂ ಸಣ್ಣದಾಗಿ ಹೊರಬರುತ್ತವೆ.

ಎರಡನೇ ಎಣಿಕೆ: ಸಿಪ್ಪೆ ಬದಲಿಸಿ ನೋಡಿ

ದುಂಬಿ ಏನನ್ನು ನೋಡಿ ಆರಿಸುತ್ತಿದೆ ಅಂತ ತಿಳಿಯಲು ಚದುರಂಗದ ಹಾಸಿನ ಉಪಾಯ ಒಳ್ಳೆಯದು. ದಪ್ಪ ಕಾಗದದ ಮೇಲೆ ಎರಡೂ ಬದಿ ಅಂಟುವ ಟೇಪ್‌ನ ಪುಟ್ಟ ಪುಟ್ಟ ತುಂಡು ಹಚ್ಚಿ 8 ಸಾಲು, 8 ಕಂಬಗಳಲ್ಲಿ ಕಾಳು ಅಂಟಿಸಿ. ಒಂದು ಬಿಟ್ಟು ಒಂದು ಮನೆಯಲ್ಲಿ ಬೇರೆ ಬೇರೆ ಬಗೆಯ ಕಾಳು ಬರಲಿ. ಟೇಪ್ ಕಾಳಿನಿಂದ ಹೊರಗೆ ಕಾಣಬಾರದು, ದುಂಬಿಯ ಕಾಲು ಸಿಕ್ಕಿಕೊಳ್ಳುತ್ತದೆ. ಹೀಗೆ ಮಾಡಿದರೆ ಮೂಲೆಯಲ್ಲಿ ಬೆಚ್ಚಗಿತ್ತು, ಅದಕ್ಕೇ ಅಲ್ಲಿ ಇಟ್ಟಿತು ಅನ್ನುವ ತಕರಾರು ಉಳಿಯುವುದಿಲ್ಲ.

ಮಾಡಬಹುದಾದ ಜೋಡಿಗಳು: ಮೊಟ್ಟೆ ಇರುವ ಕಾಳು ಮತ್ತು ಖಾಲಿ ಕಾಳು. ನುಣುಪು ಸಿಪ್ಪೆಯ ಅಲಸಂದೆ ಮತ್ತು ಸುಕ್ಕು ಸಿಪ್ಪೆಯ ಅಲಸಂದೆ. ದೊಡ್ಡದು ಮತ್ತು ಚಿಕ್ಕದು. ಕಾಳು ಮತ್ತು ಅದೇ ಗಾತ್ರದ ಗಾಜಿನ ಮಣಿ. ಕೊನೆಯದನ್ನು ಖಂಡಿತ ಮಾಡಿ. ಬೇರೆ ದಾರಿ ಇಲ್ಲದಿದ್ದರೆ ಈ ದುಂಬಿ ಗಾಜಿನ ಮಣಿಯ ಮೇಲೂ ಮೊಟ್ಟೆ ಇಡುತ್ತದೆ! ಕಾಳೇ ಸಿಗದಿದ್ದರೆ ಕೆಲವು ದಿನ ತಡೆದುಕೊಂಡು, ಆಮೇಲೆ ಸಿಕ್ಕಲ್ಲಿ ಇಡುತ್ತದೆ. ನುಣುಪಾದ, ದುಂಡಗಿನ ಮೈ ಅದಕ್ಕೆ ಅಷ್ಟು ಮುಖ್ಯ.

ಹುರುಳಿಕಾಯಿಯ ಒಣ ಬೀಜ, ಅಂದರೆ ರಾಜ್ಮಾ ಜಾತಿ, ಇನ್ನೊಂದು ಪಾಠ ಹೇಳುತ್ತದೆ. ಸಿಪ್ಪೆ ನುಣುಪು, ಗಾತ್ರ ದೊಡ್ಡದು, ಹಾಗಾಗಿ ಹೆಣ್ಣು ಮೊಟ್ಟೆ ಇಡುತ್ತದೆ. ಆದರೆ ಒಳಗೆ ಹೋದ ಮರಿಗಳು ಬದುಕುವುದಿಲ್ಲ. ಆ ಬೀಜದಲ್ಲಿ ಪಿಷ್ಟ ಜೀರ್ಣವಾಗದಂತೆ ತಡೆಯುವ ಪ್ರೋಟೀನ್ ಇದೆ. ಸಿಪ್ಪೆ ಒಂದು ಹೇಳಿತು, ಬೇಳೆ ಇನ್ನೊಂದು ಮಾಡಿತು. ಮೊಟ್ಟೆಗಳ ಸಂಖ್ಯೆ ಬೇರೆ, ಬದುಕಿದ ಮರಿಗಳ ಸಂಖ್ಯೆ ಬೇರೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಎರಡನ್ನೂ ಬೇರೆ ಬೇರೆ ಕಾಲಂನಲ್ಲಿ ಬರೆಯಿರಿ.

ಮರಿ ಒಳಗೆ ಹೋಯಿತೋ ಇಲ್ಲವೋ ಅಂತ ತಿಳಿಯುವುದು ಹೇಗೆ? ಮೊಟ್ಟೆಯ ಬಣ್ಣ ನೋಡಿ. ಮರಿ ಸಿಪ್ಪೆ ಕೊರೆಯುವಾಗ ಪುಡಿಯನ್ನು ಹಿಂದಕ್ಕೆ ತಳ್ಳುತ್ತದೆ, ಅದು ಖಾಲಿಯಾದ ಮೊಟ್ಟೆಯ ಚಿಪ್ಪಿನೊಳಗೆ ತುಂಬಿಕೊಳ್ಳುತ್ತದೆ. ಪಾರದರ್ಶಕವಾಗಿದ್ದ ಚುಕ್ಕೆ ಸುಣ್ಣದ ಹಾಗೆ ಬಿಳಿಯಾಗುತ್ತದೆ. ಬೆಚ್ಚಗಿದ್ದರೆ ಒಂದು ವಾರದೊಳಗೆ ಈ ಬದಲಾವಣೆ ಕಾಣುತ್ತದೆ. ಬದಲಾಗದೆ ಗಾಜಿನ ಹಾಗೇ ಉಳಿದದ್ದು ಒಡೆಯದ ಮೊಟ್ಟೆ.

ಇಲ್ಲೇ ಒಂದು ಮೋಸವೂ ಇದೆ. ಕಂದು ಕಾಳಿನ ಮೇಲೆ ಬಿಳಿ ಚುಕ್ಕೆ ಎದ್ದು ಕಾಣುತ್ತದೆ, ಬಿಳಿ ಕಾಳಿನ ಮೇಲೆ ಕಾಣುವುದಿಲ್ಲ. ಸುಮ್ನೆ ಕಣ್ಣಲ್ಲಿ ಎಣಿಸಿ, ದುಂಬಿಗೆ ಗಾಢ ಬಣ್ಣ ಇಷ್ಟ ಅಂತ ತೀರ್ಮಾನ ಮಾಡಿಬಿಡುತ್ತೇವೆ. ಟಾರ್ಚ್ ಬೆಳಕನ್ನು ಪಕ್ಕದಿಂದ, ಕಾಳಿಗೆ ಸವರುವ ಹಾಗೆ ಬಿಡಿ. ಮೊಟ್ಟೆ ಉಬ್ಬಿಕೊಂಡಿರುವುದರಿಂದ ಅದರ ನೆರಳು ಬೀಳುತ್ತದೆ. ನೆರಳು ಎಣಿಸಿ, ಬಣ್ಣ ಎಣಿಸಬೇಡಿ. ಆಗುವುದಾದರೆ ಯಾವ ಕಾಳು ಯಾವ ಗುಂಪಿನದು ಅಂತ ಗೊತ್ತಿಲ್ಲದ ಇನ್ನೊಬ್ಬರಿಂದ ಎರಡನೇ ಸಲ ಎಣಿಸಿ.

ಮೂರು ವಾರ ಕಳೆದ ಮೇಲೆ ಸಿಪ್ಪೆಯ ಕೆಳಗೆ ದುಂಡಗಿನ ಗಾಢ ಕಿಟಕಿ ಕಾಣಿಸುತ್ತದೆ, ಒಂದೆರಡು ಮಿಲಿಮೀಟರ್ ಅಗಲ. ಮರಿ ಸಿಪ್ಪೆಯನ್ನು ಮಾತ್ರ ಬಿಟ್ಟು ಅಲ್ಲಿಯವರೆಗೆ ತಿಂದು, ಅಲ್ಲೇ ಕೋಶವಾಗಿದೆ, ಅಂದರೆ ದುಂಬಿಯಾಗಿ ಬದಲಾಗುವ ಹಂತಕ್ಕೆ ಬಂದಿದೆ ಎಂದರ್ಥ. ಇನ್ನೂ ಕೂಡದ ಹೆಣ್ಣು ಬೇಕಿದ್ದರೆ ಕಿಟಕಿ ಇರುವ ಕಾಳುಗಳನ್ನು ಒಂದೊಂದು ಪುಟ್ಟ ಶೀಶೆಗೆ ಒಂದೊಂದರಂತೆ ಈಗಲೇ ಬೇರೆ ಮಾಡಿ. 30 ಡಿಗ್ರಿಯ ಹತ್ತಿರ ಇದ್ದರೆ ಮೊಟ್ಟೆಯಿಂದ ದುಂಬಿಗೆ 25ರಿಂದ 30 ದಿನ. ತಂಪಿದ್ದರೆ ಇನ್ನೂ ಜಾಸ್ತಿ.

ಇನ್ನು ಹೂವಿನ ಕೆಲಸ

ಎರಡು ಬಗೆಯ ಬಟಾಣಿ ಬೇಕು. ತರಕಾರಿಗೆ ಬೆಳೆಯುವ ಹೆಚ್ಚಿನ ಬಟಾಣಿ ಬಿಳಿ ಹೂವಿನದು. ನೇರಳೆ ಹೂವಿನದಕ್ಕೆ ಕಂದು ಅಥವಾ ಬೂದು ಸಿಪ್ಪೆಯ ಕಾಳು ಹುಡುಕಿ. ಬಿಳಿ ಹೂವಿನ ಬಟಾಣಿಯ ಸಿಪ್ಪೆಗೆ ಅಸಲಿಗೆ ಬಣ್ಣವೇ ಇಲ್ಲ. ಹಸಿರು, ಹಳದಿ ಅಂತ ನಮಗೆ ಕಾಣುವುದು ಸಿಪ್ಪೆಯ ಮೂಲಕ ಕಾಣುವ ಒಳಗಿನ ಬೇಳೆ. ಒಂದು ಕಾಳು ನೆನೆಸಿ ಸಿಪ್ಪೆ ಸುಲಿದು ನೋಡಿ, ತಿಳಿಯುತ್ತದೆ.

ತಳಿಶಾಸ್ತ್ರಕ್ಕೆ ಬುನಾದಿ ಹಾಕಿದ ಗ್ರೆಗರ್ ಮೆಂಡೆಲ್, ಈಗಿನ ಚೆಕ್ ದೇಶದ ಬ್ರನೋ ನಗರದ ಮಠದ ತೋಟದಲ್ಲಿ ಮಾಡಿ, 1865ರಲ್ಲಿ ಓದಿ, 1866ರಲ್ಲಿ ಅಚ್ಚು ಹಾಕಿಸಿದ ಕೆಲಸದಲ್ಲಿ ಈ ಸಂಬಂಧವನ್ನು ಸ್ಪಷ್ಟವಾಗಿ ಬರೆದಿದ್ದಾರೆ. ಬಣ್ಣದ ಹೂ, ಬಣ್ಣದ ಸಿಪ್ಪೆ, ಎಲೆ ಸಂದಿನಲ್ಲಿ ಕೆಂಪು ಗುರುತು ಮೂರೂ ಜೊತೆಯಾಗಿ ಬರುತ್ತವೆ. ಈ ಎಲೆ ಸಂದಿನ ಗುರುತು ನಮಗೆ ದೊಡ್ಡ ಉಪಕಾರ. ಸಸಿ ಗೇಣುದ್ದ ಆಗುವ ಮೊದಲೇ, ಎಲೆ ಕಾಂಡಕ್ಕೆ ಸೇರುವ ಜಾಗ ಬಗ್ಗಿ ನೋಡಿದರೆ ನೇರಳೆಗೆಂಪು ಕಲೆ ಇರುತ್ತದೆ, ಇಲ್ಲವೇ ಬರೀ ಹಸಿರು ಇರುತ್ತದೆ. ಹೂ ಬರಲು ಇನ್ನೂ ವಾರಗಟ್ಟಲೆ ಇರುವಾಗಲೇ ಉತ್ತರ ಸಿಗುತ್ತದೆ. ಗುರುತೇ ಮೂಡದ ತಳಿಗಳೂ ಇರಬಹುದು, ಹಾಗಾಗಿ ನಿಮ್ಮ ನೇರಳೆ ತಳಿಯಲ್ಲಿ ಅದು ಇದೆಯೇ ಅಂತ ಮೊದಲೇ ನೋಡಿಕೊಳ್ಳಿ.

ಬಟಾಣಿಗೆ ತಂಪು ಹವೆ ಬೇಕು, ಸೆಕೆ ಜಾಸ್ತಿಯಾದರೆ ಹೂ ಉದುರುತ್ತದೆ. ಬಿಸಿ ಜಾಗದಲ್ಲಿದ್ದರೆ ಅಲಸಂದೆಯಲ್ಲಿ ಮಾಡಬಹುದು. ಬಟಾಣಿಯ ಹಾಗೆ ಅಲಸಂದೆಯಲ್ಲೂ ನೇರಳೆ ಬಿಳಿಗಿಂತ ಪ್ರಬಲ, ಅಂದರೆ ಎರಡೂ ಸೇರಿದ ಗಿಡದಲ್ಲಿ ನೇರಳೆಯೇ ಕಾಣುತ್ತದೆ. ಆದರೆ ಅಲಸಂದೆ ಹೂ ಬೆಳಗ್ಗೆ ಬೇಗ ಅರಳಿ ಮಧ್ಯಾಹ್ನದೊಳಗೆ ಮುಚ್ಚುತ್ತದೆ. ಹಿಂದಿನ ಸಂಜೆ ಮೊಗ್ಗು ಸಿದ್ಧ ಮಾಡಿ, ಬೆಳಗ್ಗೆ ಪರಾಗ ಹಚ್ಚಬೇಕು. ಮುಟ್ಟಿದ ಹೂಗಳಲ್ಲಿ ಹೆಚ್ಚಿನವು ಉದುರುತ್ತವೆ. ಮೊದಲ ಸಲ ಮಾಡುವವರಿಗೆ ಬಟಾಣಿಯೇ ಸರಿ ಅಂತ ನನ್ನ ಅಭಿಪ್ರಾಯ.

ಸಂಕರ ಮಾಡುವ ಬಗೆ

ಬಿಳಿ ಹೂವಿನ ಗಿಡವನ್ನೇ ತಾಯಿ ಮಾಡಿ. ಇದು ಮುಖ್ಯ. ಕೈ ತಪ್ಪಿ ತಾಯಿ ಹೂ ತನ್ನದೇ ಪರಾಗದಿಂದ ಕಾಯಿ ಕಟ್ಟಿದ್ದರೆ ಆ ಕಾಳಿನಿಂದ ಬಿಳಿ ಹೂವಿನ ಗಿಡ ಬರುತ್ತದೆ, ಸಂಕರ ಆಗಿದ್ದರೆ ನೇರಳೆ ಬರುತ್ತದೆ. ತಪ್ಪು ತಾನಾಗಿ ಗೊತ್ತಾಗುತ್ತದೆ. ನೇರಳೆಯನ್ನು ತಾಯಿ ಮಾಡಿದರೆ ಎರಡೂ ನೇರಳೆಯೇ. ಯಾವುದು ಯಾವುದು ಅಂತ ತಿಳಿಯಲು ಇನ್ನೊಂದು ಬೆಳೆ ಕಾಯಬೇಕು.

ಬಟಾಣಿ ಹೂ ಅರಳುವ ಮೊದಲೇ ಒಳಗೊಳಗೇ ಪರಾಗಸ್ಪರ್ಶ ಮುಗಿಸಿರುತ್ತದೆ. ಅರಳಿದ ಹೂವಿನ ಮೇಲೆ ಎಷ್ಟು ಕೆಲಸ ಮಾಡಿದರೂ ವ್ಯರ್ಥ. ಎಸಳು ಈಗಷ್ಟೇ ಹಸಿರು ಪುಷ್ಪಪಾತ್ರೆಯಿಂದ ತುಸು ಹೊರಗೆ ಇಣುಕುತ್ತಿರುವ ಮೊಗ್ಗು ಬೇಕು. ಅದನ್ನು ಎಡಗೈ ಹೆಬ್ಬೆರಳು, ತೋರುಬೆರಳಿನ ನಡುವೆ ಮೃದುವಾಗಿ ಹಿಡಿಯಿರಿ. ಚೂಪು ತುದಿಯ ಚಿಮುಟದಿಂದ ಹೊರಗಿನ ದೊಡ್ಡ ಎಸಳನ್ನು, ಅಕ್ಕಪಕ್ಕದ ಎರಡು ರೆಕ್ಕೆ ಎಸಳುಗಳನ್ನು ಹಿಂದಕ್ಕೆ ಮಡಚಿ. ಒಳಗೆ ದೋಣಿಯ ಹಾಗೆ ಮುಚ್ಚಿಕೊಂಡಿರುವ ಎಸಳು ಕಾಣುತ್ತದೆ. ಅದರ ಅಂಚನ್ನು ಚಿಮುಟದ ತುದಿಯಿಂದ ಸೀಳಿ ತೆರೆಯಿರಿ. ಒಳಗೆ ಪರಾಗಕೋಶಗಳು, ನಡುವೆ ಎಳೆಯ ಹಸಿರು ಕಾಯಿ ಇರುತ್ತದೆ.

ಪರಾಗಕೋಶ 10. ಒಂಬತ್ತರ ಎಳೆಗಳು ಬುಡದಲ್ಲಿ ಕೂಡಿಕೊಂಡಿರುತ್ತವೆ, ಒಂದು ಬಿಡಿಯಾಗಿರುತ್ತದೆ. ಒಂದೊಂದಾಗಿ ಕಿತ್ತು ಬಿಳಿ ಕಾಗದದ ಮೇಲೆ ಇಟ್ಟು ಎಣಿಸಿ. 9 ಆಗಿದ್ದರೆ ಮುಂದೆ ಹೋಗಬೇಡಿ, ಹತ್ತನೆಯದನ್ನು ಹುಡುಕಿ. ಕೋಶ ಒಡೆದು ಹಳದಿ ಪುಡಿ ಕಂಡರೆ ಆ ಮೊಗ್ಗು ಬಿಟ್ಟುಬಿಡಿ, ತಡವಾಯಿತು.

ಪರಾಗಕ್ಕೆ ನೇರಳೆ ಗಿಡದಲ್ಲಿ ಆಗತಾನೇ ಅರಳಿದ ಹೂ ತನ್ನಿ. ಬಟಾಣಿಯ ಶಲಾಕೆಯ, ಅಂದರೆ ಎಳೆಯ ಕಾಯಿಯಿಂದ ಮೇಲಕ್ಕೆ ಚಾಚಿದ ಕಡ್ಡಿಯ, ತುದಿಗೆ ಸಣ್ಣ ಕೂದಲಿನ ಕುಚ್ಚು ಇರುತ್ತದೆ, ಅದರ ತುಂಬ ಪರಾಗ ಅಂಟಿರುತ್ತದೆ. ಎಸಳು ತೆಗೆದು ಆ ಕುಚ್ಚನ್ನೇ ಬ್ರಷ್ ಹಾಗೆ ಹಿಡಿದು ತಾಯಿ ಹೂವಿನ ಶಲಾಕೆಯ ತುದಿಗೆ ಸವರಿ. ಬೇರೆ ಬ್ರಷ್ ಬೇಕಿಲ್ಲ. ಎಸಳುಗಳನ್ನು ಮೊದಲಿನಂತೆ ಮುಚ್ಚಿ. ತೊಟ್ಟಿಗೆ ಬಣ್ಣದ ದಾರ ಕಟ್ಟಿ, ತಾರೀಖು, ತಾಯಿ, ತಂದೆ ಬರೆದ ಚೀಟಿ ತೂಗುಹಾಕಿ. ಅದೇ ಗೊಂಚಲಿನ ಉಳಿದ ಹೂಗಳನ್ನು ಕಿತ್ತುಹಾಕಿ, ಆಮೇಲೆ ಯಾವ ಕಾಯಿ ಅನ್ನುವ ಗೊಂದಲ ಬರುವುದಿಲ್ಲ. ಕೆಲವೇ ದಿನಗಳಲ್ಲಿ ಪುಟ್ಟ ಕಾಯಿ ಉದ್ದವಾಗತೊಡಗಿದರೆ ಕೆಲಸ ಆಯಿತು. ಉದುರಿದರೆ ಇನ್ನೊಂದು ಮೊಗ್ಗು. ಹತ್ತಾದರೂ ಮಾಡಿ.

ಯಾವ ಕಾಳಿನಲ್ಲಿ ಏನು ನೋಡಬೇಕು

ಹೆಚ್ಚಿನವರು ಎಡವುವುದು ಇಲ್ಲೇ. ನಾನೂ ಎಡವಿದ್ದೆ. ಮೊದಲ ತಲೆಮಾರಿನ ನೇರಳೆ ಗಿಡದ ಕಾಯಿಗಳನ್ನು ಬಿಡಿಸಿ, ಅದರಲ್ಲಿ ನಾಲ್ಕಕ್ಕೊಂದು ಬಿಳಿ ಸಿಪ್ಪೆಯ ಕಾಳು ಹುಡುಕುತ್ತಾ ಒಂದು ಸಂಜೆ ಪೂರ್ತಿ ಕೂತಿದ್ದೆ. ಎಲ್ಲವೂ ಕಂದು. ಸಂಕರವೇ ತಪ್ಪಿದೆ ಅಂತ ಬೇಸರವಾಗಿ ಕಾಳನ್ನು ಎಸೆಯುವುದರಲ್ಲಿದ್ದೆ. ತಪ್ಪಿದ್ದು ಸಂಕರ ಅಲ್ಲ, ನಾನು ನೋಡುತ್ತಿದ್ದ ಜಾಗ.

ಸಿಪ್ಪೆ ತಾಯಿಯದು ಅನ್ನುವುದನ್ನು ಇಟ್ಟುಕೊಂಡು ಹೆಜ್ಜೆ ಹೆಜ್ಜೆಯಾಗಿ ನೋಡಿ. ಬಿಳಿ ಹೂವಿನ ತಾಯಿಯ ಮೇಲೆ ಸಂಕರದಿಂದ ಆದ ಕಾಳು: ಒಳಗೆ ಸಂಕರ ಮರಿಗಿಡ, ಹೊರಗೆ ತಾಯಿಯ ಬಣ್ಣವಿಲ್ಲದ ಸಿಪ್ಪೆ. ನೋಡಲು ಏನೂ ಬದಲಾವಣೆ ಇಲ್ಲ. ಅದನ್ನು ಬಿತ್ತಿದರೆ ಎಲ್ಲಾ ಗಿಡವೂ ನೇರಳೆ ಹೂ. ಆ ಗಿಡಗಳನ್ನು ಮುಟ್ಟದೆ ಬಿಡಿ, ತಾವಾಗಿ ಕಾಯಿ ಕಟ್ಟುತ್ತವೆ. ಅವುಗಳ ಕಾಳಿನ ಸಿಪ್ಪೆ ಎಲ್ಲವೂ ಕಂದು, ಯಾಕೆಂದರೆ ತಾಯಿ ನೇರಳೆ ಹೂವಿನದು. ಆದರೆ ಅದರೊಳಗಿನ ಮರಿಗಿಡಗಳು ಈಗಾಗಲೇ ಬೇರೆ ಬೇರೆ. ಈ ಕಂದು ಕಾಳುಗಳನ್ನು ಬಿತ್ತಿದಾಗ ಮಾತ್ರ ನೇರಳೆ ಮತ್ತು ಬಿಳಿ ಹೂಗಳು ಬೇರೆಯಾಗುತ್ತವೆ, ಸುಮಾರು ಮೂರು ನೇರಳೆಗೆ ಒಂದು ಬಿಳಿ. ಬಿಳಿ ಹೂ ಬಿಟ್ಟ ಗಿಡದಲ್ಲಿ ಆದ ಕಾಳುಗಳಿಗೆ ಆಗ ಬಣ್ಣವಿಲ್ಲದ ಸಿಪ್ಪೆ ಬರುತ್ತದೆ.

ಬೇಳೆಯ ಹಳದಿ, ಹಸಿರು ಬಣ್ಣ ಮತ್ತು ಸುಕ್ಕು ಹಾಗಲ್ಲ. ಅವು ಮರಿಗಿಡದ್ದೇ ಗುಣ, ಒಂದೇ ಕಾಯಿಯೊಳಗೆ ಎರಡೂ ಬಗೆ ಕಾಣಿಸಿಕೊಳ್ಳುತ್ತವೆ.

ಮೆಂಡೆಲ್ ಎರಡನೇ ತಲೆಮಾರಿನಲ್ಲಿ 929 ಗಿಡ ಎಣಿಸಿದರು. 705 ಬಣ್ಣದ ಹೂ, 224 ಬಿಳಿ. ಅನುಪಾತ 3.15ಕ್ಕೆ 1. ಸರಿಯಾಗಿ ಮೂರಕ್ಕೆ ಒಂದು ಆಗಿದ್ದರೆ 696.75 ಮತ್ತು 232.25 ಬರಬೇಕಿತ್ತು. ವ್ಯತ್ಯಾಸ 8.25. ಅದರ ವರ್ಗವನ್ನು ಎರಡೂ ನಿರೀಕ್ಷೆಗಳಿಂದ ಬೇರೆ ಬೇರೆಯಾಗಿ ಭಾಗಿಸಿ ಕೂಡಿದರೆ 0.39. ಇದೇ ಕೈ-ಸ್ಕ್ವೇರ್, ಎಣಿಕೆ ನಿರೀಕ್ಷೆಯಿಂದ ಎಷ್ಟು ದೂರ ಇದೆ ಅಂತ ಹೇಳುವ ಅಂಕಿ. ಎರಡು ಗುಂಪಿನ ಎಣಿಕೆಯಲ್ಲಿ ಇದು 3.84 ದಾಟಿದರೆ ಮಾತ್ರ ಮೂರಕ್ಕೆ ಒಂದು ಅನ್ನುವುದನ್ನು ಅನುಮಾನಿಸಬೇಕು. ನಿಮ್ಮ ಎಣಿಕೆಗೂ ಇದೇ ಲೆಕ್ಕ ಹಾಕಿ.

ಎಷ್ಟು ಗಿಡ ಬೇಕು? 11 ಗಿಡ ಬೆಳೆದರೆ ಒಂದೂ ಬಿಳಿ ಬಾರದೇ ಇರುವ ಸಾಧ್ಯತೆ ನೂರಕ್ಕೆ ಸುಮಾರು 4. 16 ಬೆಳೆದರೆ ನೂರಕ್ಕೆ 1. ಬಿಳಿ ಇದೆಯೇ ಅಂತ ನೋಡಲು ಇಷ್ಟು ಸಾಕು. ಅನುಪಾತ ಹೇಳಬೇಕಾದರೆ 60ಕ್ಕಿಂತ ಜಾಸ್ತಿ ಬೇಕು. ಜಾಗ ಇಲ್ಲದಿದ್ದರೆ ಚಿಂತೆಯಿಲ್ಲ, ಟ್ರೇಯಲ್ಲಿ ಒತ್ತಾಗಿ ಬಿತ್ತಿ ಎಲೆ ಸಂದಿನ ಗುರುತು ನೋಡಿ ಎಣಿಸಬಹುದು.

ಬಣ್ಣ ಯಾಕೆ ಪ್ರಬಲ? ಬಟಾಣಿಯಲ್ಲಿ ಬಣ್ಣ ತಯಾರಿಸುವ ಜೀನ್‌ಗಳನ್ನು ಚಾಲೂ ಮಾಡುವ ಒಂದು ಸ್ವಿಚ್ ಜೀನ್ ಇದೆ. ಬಿಳಿ ಗಿಡದಲ್ಲಿ ಅದು ಕೆಟ್ಟಿದೆ. 2010ರಲ್ಲಿ ಅದನ್ನು ಗುರುತಿಸಿದಾಗ ಕಂಡದ್ದು ಡಿಎನ್‌ಎಯಲ್ಲಿ ಒಂದೇ ಒಂದು ಅಕ್ಷರದ ಬದಲಾವಣೆ. ತಾಯಿಯಿಂದ ಒಂದು, ತಂದೆಯಿಂದ ಒಂದು ಬರುವ ಎರಡು ಪ್ರತಿಗಳಲ್ಲಿ ಒಂದು ಸರಿಯಿದ್ದರೂ ಹೂ, ಸಿಪ್ಪೆ, ಎಲೆ ಸಂದು ಎಲ್ಲಕ್ಕೂ ಬಣ್ಣ ಬರುತ್ತದೆ.

ನೇರಳೆ ಗಿಡಗಳಲ್ಲಿ ಯಾವುದು ಶುದ್ಧ, ಯಾವುದು ಬಿಳಿಯನ್ನು ಅಡಗಿಸಿಕೊಂಡಿದೆ ಅಂತ ತಿಳಿಯಲು ಇನ್ನೊಂದು ತಲೆಮಾರು ಬೇಕು. ಮೆಂಡೆಲ್ 100 ಗಿಡಗಳಿಂದ ಹತ್ತತ್ತು ಕಾಳು ಬಿತ್ತಿದರು. 36 ಗಿಡಗಳ ಸಂತತಿಯಲ್ಲಿ ಬಣ್ಣದ್ದು ಮಾತ್ರ, 64ರ ಸಂತತಿಯಲ್ಲಿ ಎರಡೂ ಬಂತು. ಆದರೆ ಹತ್ತೇ ಕಾಳು ಬಿತ್ತಿದರೆ ನೂರಕ್ಕೆ ಐದಾರು ಮಿಶ್ರ ಗಿಡಗಳು ಶುದ್ಧದ ಹಾಗೆ ಕಾಣುತ್ತವೆ. ನೀವು 16 ಬಿತ್ತಿ.

ಮೂರಕ್ಕೆ ಒಂದು ಬಾರದಿದ್ದರೆ

ಎಣಿಕೆ ತಪ್ಪಿದೆ ಅಂತ ಕೂಡಲೇ ಅಂದುಕೊಳ್ಳಬೇಡಿ. ವಿಲಿಯಂ ಬೇಟ್ಸನ್ ಮತ್ತು ರೆಜಿನಾಲ್ಡ್ ಪನ್ನೆಟ್ 1900ರ ದಶಕದಲ್ಲಿ ಸ್ವೀಟ್ ಪೀ ಅನ್ನುವ, ಹೂವಿಗಾಗಿ ಬೆಳೆಸುವ ಗಿಡದ ಎರಡು ಬಿಳಿ ತಳಿಗಳನ್ನು ಸಂಕರ ಮಾಡಿದಾಗ ಮೊದಲ ತಲೆಮಾರು ಪೂರ್ತಿ ನೇರಳೆ ಬಂತು. ಬಿಳಿಗೆ ಬಿಳಿ ಸೇರಿ ನೇರಳೆ! ಎರಡನೇ ತಲೆಮಾರಿನಲ್ಲಿ 9ಕ್ಕೆ 7. ಬಣ್ಣ ಬರಲು ಎರಡು ಬೇರೆ ಬೇರೆ ಜೀನ್ ಸರಿಯಿರಬೇಕು, ಒಂದು ತಳಿಯಲ್ಲಿ ಒಂದು ಕೆಟ್ಟಿತ್ತು, ಇನ್ನೊಂದರಲ್ಲಿ ಇನ್ನೊಂದು. ಸೇರಿದಾಗ ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬಿದರು. 64 ಗಿಡಗಳಲ್ಲಿ ಮೂರಕ್ಕೆ ಒಂದಾದರೆ 48 ಮತ್ತು 16, ಒಂಬತ್ತಕ್ಕೆ ಏಳಾದರೆ 36 ಮತ್ತು 28. ಇಷ್ಟು ವ್ಯತ್ಯಾಸ ಕೈ-ಸ್ಕ್ವೇರ್‌ನಲ್ಲಿ 12 ಬರುತ್ತದೆ, ಹಾಗಾಗಿ ಸುಲಭವಾಗಿ ಗೊತ್ತಾಗುತ್ತದೆ. ಹಾಂ, ಸ್ವೀಟ್ ಪೀ ಬೀಜ ವಿಷ. ಮಕ್ಕಳಿರುವ ಕಡೆ ಅದನ್ನು ಬಟಾಣಿ ಜೊತೆ ಇಡಲೇಬೇಡಿ.

ಎರಡನ್ನೂ ಸೇರಿಸುವ ದಿನ

ಎರಡನೇ ತಲೆಮಾರಿನ ಗಿಡಗಳಿಂದ ಕಂದು ಸಿಪ್ಪೆಯ ಕಾಳು, ಬಣ್ಣವಿಲ್ಲದ ಸಿಪ್ಪೆಯ ಕಾಳು ಎರಡೂ ಸಿಕ್ಕಿವೆ. ಅಜ್ಜ ಅಜ್ಜಿ ಒಂದೇ, ಬೆಳೆದ ಮಣ್ಣು ಒಂದೇ. ಈಗ ಚದುರಂಗದ ಹಾಸಿನಲ್ಲಿ 32 ಮತ್ತು 32 ಅಂಟಿಸಿ ದುಂಬಿ ಬಿಡಿ. ಒಂದೇ ಗಿಡದಿಂದ 32 ತೆಗೆಯಬೇಡಿ, ಪ್ರತಿ ಬಣ್ಣಕ್ಕೂ ಎಂಟು ಗಿಡಗಳಿಂದ ನಾಲ್ಕು ನಾಲ್ಕು ತೆಗೆಯಿರಿ. ಇಲ್ಲದಿದ್ದರೆ ಆ ಒಂದು ಗಿಡದ ಕಾಳು ದೊಡ್ಡದಿದ್ದದ್ದೇ ಉತ್ತರವಾಗಿ ಬರುತ್ತದೆ. ಸುಕ್ಕಿದ್ದವು, ನುಣುಪಾಗಿದ್ದವು ಎರಡೂ ಬಣ್ಣದಲ್ಲಿ ಸಮ ಇರಲಿ. ಮೊಟ್ಟೆ, ಒಳಗೆ ಹೋದ ಮರಿ, ಹೊರಬಂದ ದುಂಬಿ, ಮೂರು ಕಾಲಂ. ವ್ಯತ್ಯಾಸ ಬಂದರೆ ಅದು ಬಣ್ಣದಿಂದಲೋ, ಸಿಪ್ಪೆಯ ಒರಟಿನಿಂದಲೋ, ಬಣ್ಣದ ಜೊತೆ ಬರುವ ಒಗರಿನಿಂದಲೋ ಅಂತ ಈ ಒಂದು ಪ್ರಯೋಗ ಹೇಳುವುದಿಲ್ಲ. ವ್ಯತ್ಯಾಸ ಬಾರದಿದ್ದರೂ ಬರೆದಿಡಿ, ಅದೂ ಉತ್ತರವೇ.

ಕೆಲಸ ಮುಗಿದ ಮೇಲೆ ದುಂಬಿ, ಮೊಟ್ಟೆ ಇರುವ ಕಾಳು, ಪುಡಿ ಎಲ್ಲವನ್ನೂ ಚೀಲದಲ್ಲಿ ಕಟ್ಟಿ ಒಂದು ವಾರ ಫ್ರೀಜರ್‌ನಲ್ಲಿಟ್ಟು ಆಮೇಲೆ ಎಸೆಯಿರಿ. ಹೊರಗೆ ಬಿಡಬೇಡಿ, ಇನ್ನೊಂದು ಊರಿಗೆ ಕಳಿಸಬೇಡಿ. ಮುಂದಿನ ಬಿತ್ತನೆಗೆ ಉಳಿಸುವ ಬಟಾಣಿಯನ್ನು ಕಚ್ಚಿದರೆ ಟಕ್ ಅನ್ನುವಷ್ಟು ಒಣಗಿಸಿ, ಗಿಡಕ್ಕೊಂದು ಕವರ್ ಮಾಡಿ. ಕವರ್ ಮೇಲೆ ಎರಡು ಸಾಲು ಬರೆಯಿರಿ: ಒಂದರಲ್ಲಿ ಈ ಕಾಳಿನ ತಾಯಿಗೆ ಯಾವ ಬಣ್ಣದ ಹೂ ಬಿಟ್ಟಿತ್ತು ಅಂತ, ಇನ್ನೊಂದರಲ್ಲಿ ಸಿಪ್ಪೆ ಯಾವ ಬಣ್ಣ ಅಂತ. ಎರಡೂ ಹೊಂದದ ಕವರ್ ಸಿಕ್ಕರೆ ಎಲ್ಲೋ ಕಾಳು ಬೆರಕೆಯಾಗಿದೆ. ಅದನ್ನು ಲೆಕ್ಕದಿಂದ ತೆಗೆದಿಡಿ.